ಅಜ್ಜಿ ಚೆಲ್ಲು ಅಂದ ಹಾಲು

ತಂಗಿಗೆ ಮಗು ಹುಟ್ಟಿದ್ದು ಕಕ್ಕಡ ತಿಂಗಳ ಜಡಿಮಳೆಯಲ್ಲಿ. ಮರುದಿನ ಬೆಳಿಗ್ಗೆ ಅಜ್ಜಿ ಸುಂಟಿಕೊಪ್ಪದಿಂದ ಬಸ್ಸು ಹತ್ತಿ ಮಡಿಕೇರಿಗೆ ಬಂದರು. ಎದೆಯಿಂದ ಹಳದಿ ಹನಿ ಬರುವುದನ್ನು ನೋಡಿದವರೇ, ‘ಇದು ಕೆಟ್ಟ ಹಾಲು ಮಗಾ, ಹಿಂಡಿ ಚೆಲ್ಲು’ ಅಂದರು.

‘ಹಸು ಕರು ಹಾಕಿದರೆ ಗಿಣ್ಣು ಚೆಲ್ತೀರಾ ಅಜ್ಜಿ?’ ಎಂದೆ. ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬೇಯಿಸಿ, ಪಕ್ಕದ ಲೈನ್ ಮನೆಗಳಿಗೂ ಹಂಚುವವರು ಅವರೇ. ಅಜ್ಜಿ ಮಾತಾಡಲಿಲ್ಲ.

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು. ಆ ಹನಿಯಲ್ಲಿ ಕೊಬ್ಬು, ಸಕ್ಕರೆ, ಪ್ರತಿಕಾಯ ಇರುವುದು ಎಲ್ಲರಿಗೂ ಗೊತ್ತು. ಜೊತೆಗೆ ಪುಟ್ಟ ಪೊಟ್ಟಣಗಳೂ ಇವೆ. ಎಕ್ಸೋಸೋಮ್ ಅಂತ ಹೆಸರು. ಗಾತ್ರ 30ರಿಂದ 150 ನ್ಯಾನೋಮೀಟರ್, ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲು ಅನ್ನಿ. ಜೀವಕೋಶ ತನ್ನದೇ ಪೊರೆಯಲ್ಲಿ ಪ್ರೋಟೀನು, ಜೀನಿನ ಸಂದೇಶ ಒಯ್ಯುವ ಆರ್‌ಎನ್‌ಎ ಕಟ್ಟಿ ಹೊರಗೆ ಬಿಡುತ್ತದೆ.

1983ರಲ್ಲಿ ಕೆನಡಾದ ರೋಸ್ ಜಾನ್‌ಸ್ಟೋನ್ ಕುರಿಯ ಎಳೆಯ ಕೆಂಪು ರಕ್ತಕಣಗಳಲ್ಲಿ ಇವನ್ನು ಗಮನಿಸಿದರು. ಕಣ ಬಲಿಯುವಾಗ ಬೇಡವಾದ ಪ್ರೋಟೀನನ್ನು ಹೀಗೆ ಹೊರಹಾಕುತ್ತಿತ್ತು. ಬಹಳ ವರ್ಷ ಇವು ಬರೀ ಕಸದ ಚೀಲ ಅಂತಲೇ ನಂಬಿದ್ದರು. ಬಿ ಕೋಶ, ಟಿ ಕೋಶ ಅಂದರೆ ರೋಗದ ವಿರುದ್ಧ ಕಾಯುವ ಎರಡು ಬಗೆಯ ಬಿಳಿ ರಕ್ತಕಣಗಳು. 1996ರಲ್ಲಿ ಬಿ ಕೋಶಗಳು ಬಿಟ್ಟ ಪೊಟ್ಟಣಗಳು ಟಿ ಕೋಶಗಳನ್ನು ಎಚ್ಚರಿಸುವುದು ಕಂಡಾಗ ಆ ನಂಬಿಕೆ ಅಲುಗಾಡಿತು.

ನನಗೆ ತುಂಬಾ ಇಷ್ಟದ ಭಾಗ ಥೈಮಸ್. ಎದೆಯ ಮೂಳೆಯ ಹಿಂದಿರುವ ಈ ಗ್ರಂಥಿ ಮಗುವಿನಲ್ಲಿ ದೊಡ್ಡದು, ಹರೆಯ ದಾಟಿದಂತೆ ಕುಗ್ಗುತ್ತದೆ. ಟಿ ಕೋಶಗಳು ಬೆಳೆಯುವುದು ಇಲ್ಲೇ. ‘ಇದು ನಮ್ಮದೇ ದೇಹ, ಮುಟ್ಟಬೇಡ’ ಅನ್ನುವ ಪಾಠ ಕಲಿಯುವುದೂ ಇಲ್ಲೇ. ದೇಹದ ಬೇರೆ ಬೇರೆ ಅಂಗಗಳ ಪ್ರೋಟೀನುಗಳ ಮಾದರಿ ಇಲ್ಲಿನ ಎಕ್ಸೋಸೋಮ್‌ಗಳಲ್ಲೂ ಸಿಕ್ಕಿದೆ. ನಮ್ಮವರ ಮೇಲೇ ಬೀಳುವ ಟಿ ಕೋಶ ಬಹುಪಾಲು ಅಲ್ಲೇ ಸಾಯುತ್ತದೆ. ಕೆಲವು ಜಗಳ ಬಿಡಿಸುವ ನಿಯಂತ್ರಕ ಕೋಶಗಳಾಗುತ್ತವೆ.

ಹಾಲಿಗೂ ಇದಕ್ಕೂ ನಂಟಿದೆ. 2007ರಲ್ಲಿ ಸ್ವೀಡನ್ನಿನ ಸಂಶೋಧಕರು ತಾಯಂದಿರ ಮೊದಲ ಹಾಲಿನಲ್ಲೂ ನಂತರದ ಹಾಲಿನಲ್ಲೂ ಎಕ್ಸೋಸೋಮ್ ಕಂಡರು. ಹಾಲಿನ ಎಕ್ಸೋಸೋಮ್‌ಗಳನ್ನು ರಕ್ತದ ಕೋಶಗಳ ಜೊತೆ ಬೆಳೆಸಿದಾಗ ನಿಯಂತ್ರಕ ಟಿ ಕೋಶಗಳು ಜಾಸ್ತಿಯಾದವು. ಅದು ಲ್ಯಾಬಿನಲ್ಲಿ ಕಂಡದ್ದು, ಮಗುವಿನ ಹೊಟ್ಟೆಯೊಳಗಲ್ಲ. ಆದರೂ ಒಂದು ಹನಿ ಚೆಲ್ಲಲೂ ನನಗೆ ಮನಸ್ಸಿಲ್ಲ.

ಇದನ್ನೆಲ್ಲ ಅಜ್ಜಿಗೆ ಪೊಟ್ಟಣದ ಲೆಕ್ಕದಲ್ಲೇ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಸಂಜೆ ಮಗು ಅತ್ತಾಗ ತಂಗಿಯ ಬೆನ್ನಿಗೆ ದಿಂಬು ಕೊಟ್ಟು, ‘ಈ ಬದಿಯಲ್ಲಿ ಇನ್ನೂ ಇದೆ, ಕುಡಿಸು’ ಅಂದರು.