ಸ್ಕ್ರೈಬ್ ಹುಡುಕಾಟ ಅಡ್ಮಿಷನ್ ದಿನವೇ ಶುರು

ಪದವಿ ಕಾಲೇಜುಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳ ಹೊಣೆ ಸಾಮಾನ್ಯವಾಗಿ ಯಾರಾದರೊಬ್ಬ ಅಧ್ಯಾಪಕರ ಹೆಗಲಿಗೆ ಹೆಚ್ಚುವರಿ ಕೆಲಸವಾಗಿ ಬೀಳುತ್ತದೆ. ಸ್ಟಾಫ್ ಮೀಟಿಂಗಿನಲ್ಲಿ ಹೆಸರು ಕೂಗುತ್ತಾರೆ, ಸಮಾನ ಅವಕಾಶ ಕೋಶದ ಸಂಚಾಲಕರು ಎಂಬ ಆದೇಶ ಕೈಗೆ ಬರುತ್ತದೆ, ಅದರ ಜೊತೆ ಒಂದು ಖಾಲಿ ಫೈಲು. ಆ ಫೈಲು ಹಿಡಿದುಕೊಂಡು ಎಲ್ಲಿಂದ ಶುರು ಮಾಡಲಿ ಎಂದು ನೋಡುತ್ತಿರುವವರಿಗಾಗಿ ಇದನ್ನು ಬರೆದಿದ್ದೇನೆ. ಈ ಕೆಲಸ ಕೆಟ್ಟಲ್ಲೆಲ್ಲ ಕಾರಣ ಹೆಚ್ಚುಕಮ್ಮಿ ಒಂದೇ: ತಡ. ಪರೀಕ್ಷೆಗೆ ಮೂರು ದಿನ ಇದ್ದಾಗ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತ ಅಂಧ ವಿದ್ಯಾರ್ಥಿಗೆ ಯಾರು ಎಷ್ಟು ಓಡಾಡಿದರೂ ಸರಿಯಾದ ಏರ್ಪಾಡು ಆಗುವುದಿಲ್ಲ.

ಹಾಗಾಗಿ ಅಡ್ಮಿಷನ್ ಫಾರಂನಿಂದಲೇ ಶುರು ಮಾಡಿ. ಎಷ್ಟೋ ಕಚೇರಿಗಳ ಫಾರಂನಲ್ಲಿ ಇಂದಿಗೂ ‘ಅಂಧ / ಕಿವುಡ / ಅಂಗವಿಕಲ’ ಎಂಬ ಮೂರೇ ಚೌಕಗಳಿರುತ್ತವೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿ 21 ಬಗೆಗಳಿವೆ. ಕಲಿಕಾ ನ್ಯೂನತೆ, ಮಾನಸಿಕ ಅನಾರೋಗ್ಯ, ಹಿಮೋಫಿಲಿಯಾ, ಥಲಸ್ಸೀಮಿಯಾ, ಪಾರ್ಕಿನ್ಸನ್ ಎಲ್ಲವೂ ಅದರಲ್ಲಿ ಸೇರಿವೆ. ಶೇ 40 ಮತ್ತು ಅದಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ ಎಂದು ಕಲಂ 32 ಹೇಳುತ್ತದೆ. ಚೌಕಗಳ ಜಾಗದಲ್ಲಿ ಒಂದೇ ಒಂದು ಪ್ರಶ್ನೆ ಇಟ್ಟರೆ ಸಾಕು: ‘ಓದಲು, ಬರೆಯಲು, ಕೇಳಲು, ಓಡಾಡಲು ಕಾಲೇಜಿನಿಂದ ಏನಾದರೂ ಅನುಕೂಲ ಬೇಕೆ?’ ಮೂರು ಚೌಕಗಳಿಗೆ ಸಿಗದವರು ಈ ಪ್ರಶ್ನೆಗೆ ಸಿಗುತ್ತಾರೆ.

ಹೌದು ಎಂದವರ ಜೊತೆ ತರಗತಿ ಶುರುವಾಗುವ ಮುಂಚೆ ಅರ್ಧ ಗಂಟೆ ಕೂತು ಮಾತಾಡಿ. ‘ಏನು ತೊಂದರೆ’ ಎಂದು ಕೇಳಿದರೆ ಹುಟ್ಟಿದಂದಿನಿಂದ ಆಸ್ಪತ್ರೆಯ ಕಥೆ ಬರುತ್ತದೆ, ಅದರಿಂದ ನಿಮ್ಮ ಕೆಲಸಕ್ಕೆ ಉಪಯೋಗ ಕಮ್ಮಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆ ಹೇಗೆ ಬರೆದಿರಿ? ಪಠ್ಯ ಹೇಗೆ ಓದುತ್ತಿದ್ದಿರಿ: ಬ್ರೈಲ್, ಆಡಿಯೊ, ಇಲ್ಲ ಯಾರಾದರೂ ಓದಿ ಹೇಳುತ್ತಿದ್ದರಾ? ಫೋನಿನಲ್ಲಿ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಬಳಸುತ್ತೀರಾ? ಬಸ್ ಸ್ಟಾಪಿನಿಂದ ಕ್ಲಾಸಿನವರೆಗೆ ಹೇಗೆ ಬರುತ್ತೀರಿ? ಇಂಥ ನಾಲ್ಕು ಪ್ರಶ್ನೆಗೆ ಸಿಕ್ಕ ಉತ್ತರದಲ್ಲಿ ವರ್ಷದ ಕೆಲಸವೆಲ್ಲ ಅಡಗಿರುತ್ತದೆ. ಅಪ್ಪನೋ ಅಮ್ಮನೋ ಜೊತೆಗಿದ್ದರೂ ಪ್ರಶ್ನೆ ವಿದ್ಯಾರ್ಥಿಗೇ ಹೋಗಲಿ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಅವತ್ತೇ ಇಟ್ಟುಕೊಳ್ಳಿ.

ಆಮೇಲೆ ಆ ತರಗತಿಗೆ ಹೋಗುವ ಅಧ್ಯಾಪಕರಿಗೆಲ್ಲ ಅರ್ಧ ಪುಟದ ಪತ್ರ. ಕಾಯಿಲೆಯ ಹೆಸರು ಅದರಲ್ಲಿ ಬೇಡ. ಏನು ಮಾಡಬೇಕು ಎಂಬುದಷ್ಟೇ ಇರಲಿ: ‘ಬೋರ್ಡಿನ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವುದು. ನೋಟ್ಸನ್ನು ಟೈಪ್ ಮಾಡಿದ ರೂಪದಲ್ಲಿ ಹಿಂದಿನ ದಿನವೇ ಕಳಿಸುವುದು. ಕಿರುಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ.’ ವಿದ್ಯಾರ್ಥಿ ಓದಿ ಒಪ್ಪಿದ ಮೇಲೆ ಮಾತ್ರ ಪತ್ರ ಹೊರಡಬೇಕು.

ಇನ್ನು ಸ್ಕ್ರೈಬ್, ಅಂದರೆ ಪರೀಕ್ಷೆಯಲ್ಲಿ ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರು. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ 2018ರ ಆಗಸ್ಟ್ 29ರ ಮಾರ್ಗಸೂಚಿ ಇಲ್ಲಿ ಮುಖ್ಯ. ಅದರ ಪ್ರಕಾರ ಪರಿಹಾರ ಸಮಯ, ಅಂದರೆ ಹೆಚ್ಚುವರಿ ಸಮಯ, ಗಂಟೆಗೆ 20 ನಿಮಿಷಕ್ಕೆ ಕಮ್ಮಿ ಇರುವಂತಿಲ್ಲ. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ, ಎರಡೂವರೆಯದಕ್ಕೆ 50 ನಿಮಿಷ. ವಿದ್ಯಾರ್ಥಿಯೇ ಸ್ಕ್ರೈಬ್ ಕರೆತಂದರೆ ಅವರ ಓದು ವಿದ್ಯಾರ್ಥಿಯದಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು. ಪರೀಕ್ಷೆ ನಡೆಸುವವರೇ ಕೊಟ್ಟರೆ ಆ ಸ್ಕ್ರೈಬನ್ನು ವಿದ್ಯಾರ್ಥಿ ಎರಡು ದಿನ ಮೊದಲು ಭೇಟಿಯಾಗಲು ಅವಕಾಶ ಇರಬೇಕು. ಭಾಷೆಯ ಪತ್ರಿಕೆಗೆ ಬೇರೆ ಸ್ಕ್ರೈಬ್ ಬೇಕೆಂದರೆ ಅದಕ್ಕೂ ದಾರಿ ಇದೆ.

ಕಾಗದದ ಮೇಲೆ ಇಷ್ಟು ಸರಳ. ಎಡವುವುದು ಬೇರೆ ಕಡೆ. ಪದವಿಯ ವಿದ್ಯಾರ್ಥಿಗೆ ಪಿಯುಸಿ ಓದಿದವರು ಬೇಕು. ಅಂಥವರು ನಿಮ್ಮ ಕಣ್ಣೆದುರಿಗೇ ಇರುತ್ತಾರೆ, ಮೊದಲ ವರ್ಷದ ಬಿಎ, ಬಿಕಾಂನಲ್ಲಿ. ಆದರೆ ಅವರಿಗೂ ಅದೇ ವಾರ ಪರೀಕ್ಷೆ. ಪಕ್ಕದ ಪಿಯು ಕಾಲೇಜಿನಲ್ಲಿ ಕೇಳೋಣವೆಂದರೆ ಅಲ್ಲಿ ಮನೆಯವರ ಒಪ್ಪಿಗೆ, ಆ ಪ್ರಿನ್ಸಿಪಾಲರ ಒಪ್ಪಿಗೆ. ಆದ್ದರಿಂದ ಸೆಮಿಸ್ಟರ್ ಶುರುವಾಗುತ್ತಲೇ ಪಟ್ಟಿ ಕಟ್ಟಬೇಕು. ಒಬ್ಬ ವಿದ್ಯಾರ್ಥಿಗೆ ಮೂವರ ಹೆಸರಿದ್ದರೆ ನೆಮ್ಮದಿ: ಒಬ್ಬರು ಬರೆಯುವವರು, ಒಬ್ಬರು ಮೀಸಲು, ಕನ್ನಡ ಪತ್ರಿಕೆಗೆ ಇನ್ನೊಬ್ಬರು. ಈ ಮೂರನೆಯವರು ಯಾಕೆಂದರೆ, ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಸ್ಕ್ರೈಬ್ ಅರ್ಥಶಾಸ್ತ್ರವನ್ನು ಚೆನ್ನಾಗಿಯೇ ಬರೆದಾರು. ಪಂಪನ ಪದ್ಯದ ಸಾಲು ಹೇಳಿಸಿಕೊಂಡಾಗ ಮಾತ್ರ ಒತ್ತಕ್ಷರದಲ್ಲೇ ಸಿಕ್ಕಿಬೀಳುತ್ತಾರೆ, ಪ್ರತಿ ಪದಕ್ಕೂ ‘ಮಹಾಪ್ರಾಣವಾ ಅಲ್ಪಪ್ರಾಣವಾ’ ಎಂಬ ವಿಚಾರಣೆ. ಅಷ್ಟು ಹೊತ್ತಿಗೆ ಹೆಚ್ಚುವರಿ ಸಮಯ ಕರಗಿರುತ್ತದೆ.

ಕಿರುಪರೀಕ್ಷೆಗಳಿಗೂ ಅದೇ ಸ್ಕ್ರೈಬ್‌ಗಳನ್ನೇ ಕೂರಿಸಿ. ಹೇಳಿ ಬರೆಸುವುದಕ್ಕೂ ರೂಢಿ ಬೇಕು. ‘ಹೊಸ ಪ್ಯಾರಾ’, ‘ಅಡಿಗೆರೆ’, ‘ಕೊನೇ ಸಾಲು ಓದಿ’ ಎಂಬ ಮಾತುಗಳಿಗೆ ಇಬ್ಬರೂ ಒಗ್ಗಿರಬೇಕು. ಸ್ಕ್ರೈಬ್ ಪ್ರಶ್ನೆಪತ್ರಿಕೆಯನ್ನು ಅಕ್ಷರಶಃ ಓದಬೇಕು, ‘ಅದೇ, ಬೇಡಿಕೆ ನಿಯಮ ಕೇಳಿದಾರೆ’ ಎಂದು ಸಾರಾಂಶ ಹೇಳಬಾರದು. ಅರ್ಧ ಗಂಟೆಗೊಮ್ಮೆ ಸಮಯ ಹೇಳುವ ಕೆಲಸ ಕೊಠಡಿ ಮೇಲ್ವಿಚಾರಕರದು, ಕಾಣದವರಿಗೆ ಗೋಡೆ ಗಡಿಯಾರದಿಂದ ಏನೂ ಆಗುವುದಿಲ್ಲ.

ಕೋಣೆ ನೆಲಮಹಡಿಯಲ್ಲಿರಲಿ, ಶೌಚಾಲಯಕ್ಕೆ ಹತ್ತಿರವಿರಲಿ. ಸ್ಕ್ರೈಬ್ ಇರುವ ಇಬ್ಬರು ವಿದ್ಯಾರ್ಥಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಬೇಡಿ, ಇಬ್ಬರೂ ಗಟ್ಟಿಯಾಗಿ ಹೇಳಿ ಬರೆಸುವವರು. ಬೆಳಿಗ್ಗೆ 10ಕ್ಕೆ ಶುರುವಾದ ಮೂರು ಗಂಟೆಯ ಪತ್ರಿಕೆ ಇವರಿಗೆ ಮುಗಿಯುವುದು 2ಕ್ಕೆ. ಮಧ್ಯಾಹ್ನದ ಪರೀಕ್ಷೆಯೂ 2ಕ್ಕೇ ಇದ್ದರೆ ಆ ಕೋಣೆ, ಆ ಮೇಲ್ವಿಚಾರಕರು ಎರಡನ್ನೂ ಮೊದಲೇ ಬಿಡಿಸಿಡಬೇಕು. ಒಂದು ಗಂಟೆಗೆ ಬೆಲ್ ಹೊಡೆದದ್ದೇ ಉತ್ತರ ಪತ್ರಿಕೆ ಕಸಿದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಅನಾಹುತ. ಸ್ಕ್ವಾಡ್ ಬಂದು ‘ಇವರ್ಯಾರು ಬರೀತಿರೋದು’ ಎಂದು ಪರೀಕ್ಷೆ ನಿಲ್ಲಿಸುವುದು ಇನ್ನೊಂದು. ಎರಡಕ್ಕೂ ಮದ್ದು ಒಂದೇ. ಸ್ಕ್ರೈಬ್‌ಗೆ ವಿಶ್ವವಿದ್ಯಾಲಯ ಕೊಟ್ಟ ಅನುಮತಿ ಪತ್ರದ ಪ್ರತಿಯನ್ನು ಕೋಣೆಯ ಬಾಗಿಲಿಗೂ ಡೆಸ್ಕಿಗೂ ಅಂಟಿಸಿ, ಮುಗಿಯುವ ಸಮಯವನ್ನು ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ.

ಅನುಮತಿಯ ವಿಷಯದಲ್ಲಿ ಒಂದು ಗಂಟು. ಅಂಧತ್ವ, ಎರಡೂ ಕೈಗಳ ನ್ಯೂನತೆ, ಸೆರೆಬ್ರಲ್ ಪಾಲ್ಸಿ ಇರುವವರು ಕೇಳಿದರೆ ಸಾಕು, ಸ್ಕ್ರೈಬ್ ಕೊಡಬೇಕು. ಮಿಕ್ಕವರಿಗೆ ಬರೆಯಲು ಆಗುವುದಿಲ್ಲ, ಸ್ಕ್ರೈಬ್ ಅಗತ್ಯ ಎಂದು ಸರ್ಕಾರಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಯುಡಿಐಡಿ ಕಾರ್ಡು ಶೇಕಡಾವಾರು ಹೇಳುತ್ತದೆಯೇ ಹೊರತು ಕೈ ಬರೆಯುತ್ತದೋ ಇಲ್ಲವೋ ಹೇಳುವುದಿಲ್ಲ. ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ಆ ಪ್ರಮಾಣಪತ್ರ ಕೈಯಲ್ಲಿರಬೇಕೆಂದರೆ ಆಸ್ಪತ್ರೆಗೆ ಒಂದೆರಡು ತಿಂಗಳು ಮೊದಲೇ ಕಳಿಸಿ. ಶೇ 40 ಇಲ್ಲ ಎಂದು ಯಾರನ್ನೂ ವಾಪಸ್ ಕಳಿಸಲೂಬೇಡಿ. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಯೊಬ್ಬರ ಪ್ರಕರಣದಲ್ಲಿ 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸ್ಕ್ರೈಬ್ ಸೌಲಭ್ಯವನ್ನು ಶೇ 40ಕ್ಕೆ ಕಟ್ಟಿಹಾಕುವಂತಿಲ್ಲ ಎಂದಿತು. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಮ್ಮಿ ಇರುವವರಿಗಾಗಿ ಬೇರೆಯದೇ ಮಾರ್ಗಸೂಚಿ ಬಂತು. ಕಚೇರಿಗಳಲ್ಲಿ ಇದನ್ನು ಓದಿದವರು ಕಮ್ಮಿ, ಪ್ರತಿ ತೆಗೆದಿಟ್ಟುಕೊಳ್ಳಿ.

ಈಗ ಪುಸ್ತಕದ ಮಾತು. ಕನ್ನಡದಲ್ಲಿ ಓದುವವರಿಗೆ ಅತಿ ದೊಡ್ಡ ಅಡ್ಡಗೋಡೆ ಇದೇ, ಅದರ ಬಗ್ಗೆ ಮಾತಾಡುವವರು ಮಾತ್ರ ಬೆರಳೆಣಿಕೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶ) ಉಚಿತ, ಅದರ ಜೊತೆಗೆ ಬರುವ ಇಸ್ಪೀಕ್ ಧ್ವನಿ ಕನ್ನಡ ಓದುತ್ತದೆ. ಆದರೂ ಎಷ್ಟೋ ಕನ್ನಡ ಫೈಲುಗಳನ್ನು ತೆರೆದರೆ ಅದು ಗೊಣಗುವುದು ಬರೀ ಕಸ. ಕಾರಣ ಫಾಂಟು. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪಿಸಿದರೆ ಫೈಲಿನೊಳಗೆ ಉಳಿಯುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಮತ್ತದೇ ಎ, ಜರ್ಮನರ ಒಂದು ಎಸ್, ಆಮೇಲೆ ಕ್ಯೂ, ಕೊನೆಗೆ ಇನ್ನೊಂದು ಎ. ಕಣ್ಣಿಗೆ ಕನ್ನಡ, ಕಿವಿಗೆ ಇದು.

ಹಾಗಾಗಿ ಮೊದಲ ಹೆಜ್ಜೆ, ಪಠ್ಯದ ಮೂಲ ಫೈಲನ್ನು ಪ್ರಕಾಶಕರಿಂದಲೋ ವಿಶ್ವವಿದ್ಯಾಲಯದ ಪ್ರಸಾರಾಂಗದಿಂದಲೋ ಕೇಳುವುದು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರಲ್ಲಿ ವಿಕಲಚೇತನರಿಗಾಗಿ ಲಾಭವಿಲ್ಲದೆ ಪುಸ್ತಕದ ರೂಪ ಬದಲಿಸಲು ಅವಕಾಶವಿದೆ, ಪತ್ರದಲ್ಲಿ ಅದನ್ನು ನಮೂದಿಸಿ. ಫೈಲು ಸಿಕ್ಕರೆ ಯಂತ್ರ ಕನ್ನಡವೆಂದೇ ಗುರುತಿಸುವ ಯೂನಿಕೋಡಿಗೆ ಪರಿವರ್ತಿಸಿ. ಅಷ್ಟಕ್ಕೆ ಮುಗಿಯಿತು ಅನ್ನಿಸುತ್ತದೆ, ಮುಗಿದಿರುವುದಿಲ್ಲ. ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತಿರುತ್ತದೆ: ‘ಬ೦ದ’ ಎಂಬುದನ್ನು ಯಂತ್ರ ‘ಬ ಸೊನ್ನೆ ದ’ ಎಂದು ಓದುತ್ತದೆ. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ: ‘ಧಮ೯’ ಎಂದಿದ್ದರೆ ‘ಧಮ ಒಂಬತ್ತು’. ಪಠ್ಯದಲ್ಲಿ ಕನ್ನಡ ಅಂಕಿ ಬಳಸಿಲ್ಲವಾದರೆ ಸೊನ್ನೆಯನ್ನು ಒಂದೇ ಸಲ ಬದಲಿಸಬಹುದು. ಒಂಬತ್ತನ್ನು ಹಾಗೆ ಬದಲಿಸಲಾಗದು, ಅರ್ಕಾವತ್ತು ಕಾಣುವುದು ಅಕ್ಷರದ ಆಚೆಗಾದರೂ ಯೂನಿಕೋಡಿನಲ್ಲಿ ‘ರ್’ ಈಚೆಗೆ ಬರಬೇಕು. ಅದು ಕೈಯಲ್ಲೇ ತಿದ್ದುವ ಕೆಲಸ. ನಡುವೆ ಇರುವ ಇಂಗ್ಲಿಷ್ ಪದಗಳೂ ಪರಿವರ್ತನೆಯಲ್ಲಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ, ಅವನ್ನೂ ನೋಡಿ.

ಫೈಲು ಸಿಗದಿದ್ದರೆ ಸ್ಕ್ಯಾನು. 300 ಡಿಪಿಐ, ಪುಟ ಚಪ್ಪಟೆಯಾಗಿ ಕೂರಬೇಕು, ಬೆನ್ನಿನ ಹತ್ತಿರ ಸಾಲು ಬಾಗಿದರೆ ಚಿತ್ರದಿಂದ ಅಕ್ಷರ ಗುರುತಿಸುವ ಓಸಿಆರ್ ದಾರಿ ತಪ್ಪುತ್ತದೆ. ಓಸಿಆರ್ ಮಾಡುವ ಗೂಗಲ್ ಡ್ರೈವ್, ಟೆಸರಾಕ್ಟ್ ಎರಡಕ್ಕೂ ಕನ್ನಡ ಬರುತ್ತದೆ. ದ-ಧ, ಡ-ಢ, ಬ-ಭ ಅದಲುಬದಲಾಗುವುದು ಸಾಮಾನ್ಯ, ಒತ್ತಕ್ಷರ ಕಳಚಿಹೋಗುವುದೂ ಅಷ್ಟೇ. ಕರಡು ತಿದ್ದಲು ಗಂಟೆಗೆ ಆರೇಳು ಪುಟ ಎಂದು ಲೆಕ್ಕ ಹಿಡಿದರೆ 200 ಪುಟದ ಪುಸ್ತಕಕ್ಕೆ ಸುಮಾರು 30 ಗಂಟೆ. ಎನ್ನೆಸ್ಸೆಸ್‌ನ ಐದು ಮಂದಿಗೆ ಹಂಚಿದರೆ ತಲಾ ಆರು ಗಂಟೆ, ಎರಡು ಶನಿವಾರ. ತಿದ್ದುವಾಗ ‘ಪುಟ 43’ ಎಂಬ ಗುರುತನ್ನು ಅಳಿಸಬೇಡಿ. ಕ್ಲಾಸಿನಲ್ಲಿ ಮೇಷ್ಟ್ರು ಪುಟದ ಸಂಖ್ಯೆ ಹೇಳಿದಾಗ ಈ ವಿದ್ಯಾರ್ಥಿಯೂ ಅಲ್ಲಿಗೇ ಹೋಗಬೇಕು. ಅಧ್ಯಾಯದ ಹೆಸರುಗಳಿಗೆ ವರ್ಡ್‌ನ ಹೆಡಿಂಗ್ ಶೈಲಿ ಕೊಡಿ. ಸುಮ್ಮನೆ ದಪ್ಪ ಮಾಡಿದರೆ ಸ್ಕ್ರೀನ್ ರೀಡರಿನಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯಲು ಬರುವುದಿಲ್ಲ. ಹಾಂ, ಇಷ್ಟೆಲ್ಲ ಶುರು ಮಾಡುವ ಮುಂಚೆ ಕಾಣದವರಿಗಾಗಿ ಇರುವ ಆನ್‌ಲೈನ್ ಲೈಬ್ರರಿ ಸುಗಮ್ಯ ಪುಸ್ತಕಾಲಯದಲ್ಲೂ ಅವರಿಗಾಗಿ ದುಡಿಯುವ ಬೆಂಗಳೂರಿನ ಸಂಸ್ಥೆ ಮಿತ್ರ ಜ್ಯೋತಿಯಲ್ಲೂ ಒಮ್ಮೆ ವಿಚಾರಿಸಿ. ಆಗಲೇ ಇರುವ ಪುಸ್ತಕವನ್ನು ಮತ್ತೆ ಮಾಡುವುದು ದಂಡ.

ನೋಟ್ಸ್‌ನದು ಇದಕ್ಕಿಂತ ಸಣ್ಣ ವಿಷಯ, ಆದರೆ ದಿನಾ ಕಾಡುತ್ತದೆ. ಕೈಬರಹದ ನೋಟ್ಸಿನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಟಾಕ್‌ಬ್ಯಾಕ್‌ಗೆ ಅದು ಬರೀ ಒಂದು ‘ಫೋಟೊ’. ಕಚೇರಿಯ ಸುತ್ತೋಲೆಯದೂ ಅದೇ ಪಾಡು. ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸೀಲು ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ಹಾಕುತ್ತಾರೆ. ಚಿತ್ರದ ಕೆಳಗೆ ನಾಲ್ಕು ಸಾಲು ಟೈಪಿಸಿದರೆ ಫೀಸಿನ ಕೊನೆಯ ದಿನ ಅವರಿಗೂ ಗೊತ್ತಾಗುತ್ತದೆ.

ಕಿವಿ ಕೇಳದವರಿಗೆ ಸಂಜ್ಞಾ ಭಾಷೆಯ ದುಭಾಷಿಗಳನ್ನು ಪ್ರತಿ ತರಗತಿಗೂ ತರುವುದು ಹೆಚ್ಚಿನ ಕಾಲೇಜುಗಳಿಗೆ ಕೈಗೆಟುಕದ ಮಾತು. ಮಾತನ್ನು ಬರಹವಾಗಿ ತೋರಿಸುವ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದಲ್ಲಿದೆ. ಫೋನು ಮೇಷ್ಟ್ರ ಮೇಜಿನ ಮೇಲಿದ್ದರೆ ಸುಮಾರಾಗಿ ಬರುತ್ತದೆ, ಕೊನೇ ಬೆಂಚಿನಲ್ಲಿದ್ದರೆ ಫ್ಯಾನಿನ ಸದ್ದೇ ಜಾಸ್ತಿ. ಪಾಠದಲ್ಲಿ ಬರುವ ಹೊಸ ಪದಗಳ ಪಟ್ಟಿ ಮೊದಲೇ ಕೊಟ್ಟರೆ ಅರ್ಧ ಗೊಂದಲ ಕಳೆಯುತ್ತದೆ. ಬೋರ್ಡಿಗೆ ಮುಖ ಮಾಡಿ ಮಾತಾಡುವ ಅಭ್ಯಾಸ ಬಿಡಿಸುವುದು ಮಾತ್ರ ಬಲು ಕಷ್ಟ.

ರ‍್ಯಾಂಪಿನ ಲೆಕ್ಕ ಚಿಕ್ಕದು: ಒಂದಕ್ಕೆ ಹನ್ನೆರಡು. ಮೂರು ಮೆಟ್ಟಿಲಿನ 450 ಮಿ.ಮೀ. ಎತ್ತರಕ್ಕೆ 5.4 ಮೀಟರ್ ಉದ್ದ ಬೇಕು, ಅಗಲ 1.2 ಮೀಟರಿಗೆ ಕಮ್ಮಿ ಬೇಡ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ಹಿಂದಿನ ವಾರ ಎರಡೇ ಮೀಟರಿನಲ್ಲಿ ಸುರಿದ ಕಾಂಕ್ರೀಟು ಬೈಕ್ ಹತ್ತಿಸಲಷ್ಟೇ ಸರಿ. ಟೇಪು ಹಿಡಿದು ಗೇಟಿನಿಂದಲೇ ಅಳೆಯುತ್ತ ಬನ್ನಿ. ದನ ಒಳಗೆ ಬಾರದಿರಲೆಂದು ಗೇಟಿನಲ್ಲಿ ಹೂಳಿದ ಕಬ್ಬಿಣದ ಪೈಪುಗಳ ನಡುವೆ ಊರುಗೋಲಿನ ತುದಿ, ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಎರಡೂ ಸಿಕ್ಕಿಕೊಳ್ಳುತ್ತವೆ. ಪಕ್ಕದಲ್ಲಿ 90 ಸೆಂ.ಮೀ. ಅಗಲದ ಚಿಕ್ಕ ಗೇಟು ಇರಲಿ, ಅದಕ್ಕೆ ಬೀಗ ಬೇಡ. ವಿಶೇಷ ಶೌಚಾಲಯದ ಒಳಗೆ ಪೊರಕೆ, ಬ್ಲೀಚಿಂಗ್ ಪೌಡರ್ ಮೂಟೆ ಇದ್ದರೆ ಹೊರಗೆ ಹಾಕಿಸಿ. ಲಿಫ್ಟ್ ಇಲ್ಲ ಎಂದು ಕೊರಗುವುದಕ್ಕಿಂತ ಟೈಮ್‌ಟೇಬಲ್ ಮಾಡುವವರ ಪಕ್ಕ ಕೂತು ಆ ಸೆಕ್ಷನ್ನನ್ನು ನೆಲಮಹಡಿಗೆ ಇಳಿಸುವುದು ವಾಸಿ. ಖರ್ಚಿಲ್ಲ, ಟೈಮ್‌ಟೇಬಲ್ ಅಚ್ಚಾಗುವ ಮುಂಚೆ ಹೇಳಬೇಕು ಅಷ್ಟೇ.

ಕಡೆಯದಾಗಿ ವರ್ಗಾವಣೆ. ಸ್ಕ್ರೈಬ್‌ಗಳ ಪಟ್ಟಿ, ತಿದ್ದಿಟ್ಟ ಪುಸ್ತಕಗಳು, ವಿಶ್ವವಿದ್ಯಾಲಯದ ಅನುಮತಿ ಪತ್ರಗಳು ಎಲ್ಲ ಸಂಚಾಲಕರ ಸ್ವಂತ ಪೆನ್‌ಡ್ರೈವಿನಲ್ಲಿದ್ದರೆ ಅವರ ಜೊತೆಗೇ ಊರು ಬಿಡುತ್ತವೆ, ಮುಂದಿನವರ ಕೈಗೆ ಮತ್ತೆ ಖಾಲಿ ಫೈಲು. ತಿದ್ದಿದ ಪ್ರತಿ ಪುಸ್ತಕವನ್ನೂ ಲೈಬ್ರರಿಯ ಆಕ್ಸೆಷನ್ ರಿಜಿಸ್ಟರಿನಲ್ಲಿ ನಂಬರು ಕೊಟ್ಟು ದಾಖಲಿಸಿ, ಫೈಲು ಲೈಬ್ರರಿಯ ಕಂಪ್ಯೂಟರಿನಲ್ಲೂ ಒಂದು ಇರಲಿ. ರಿಜಿಸ್ಟರಿಗೆ ಏರಿದ್ದು ಸ್ಟಾಕ್ ವೆರಿಫಿಕೇಶನ್ ದಿನ ಕಾಣದಿದ್ದರೆ ಲೈಬ್ರರಿಯನ್ ಉತ್ತರ ಕೊಡಬೇಕು, ಆ ಭಯಕ್ಕಾದರೂ ಅದು ಅಲ್ಲೇ ಇರುತ್ತದೆ.