ಕ್ಯಾಲ್ಸಿಯಂ ಆಕ್ಸಲೇಟ್‌ನ ಮೂರು ಹಂತಗಳು

ವಸ್ತುವನ್ನು ಕಾಯಿಸುತ್ತಾ ಅದರ ತೂಕ, ಶಾಖಗಳ ಬದಲಾವಣೆಯನ್ನು ಅಳೆಯುವ ಉಷ್ಣ ವಿಶ್ಲೇಷಣೆಯ ಮೊದಲ ಪಾಠಕ್ಕೆ ನಾನು ಕ್ಯಾಲ್ಸಿಯಂ ಆಕ್ಸಲೇಟ್ ಮಾನೋಹೈಡ್ರೇಟನ್ನು (ಹರಳಿನಲ್ಲಿ ಒಂದು ನೀರಿನ ಅಣುವಿರುವ ರೂಪವನ್ನು) ಬಿಟ್ಟು ಬೇರೆ ಲವಣವನ್ನು ಹುಡುಕುವುದಿಲ್ಲ. ಮೂತ್ರಪಿಂಡದ ಕಲ್ಲುಗಳಲ್ಲಿ ಹೆಚ್ಚಾಗಿ ಕಾಣಸಿಗುವ ಈ ಲವಣವನ್ನು ಬೀಕರಿನಲ್ಲಿ ತಯಾರಿಸುವುದು ಸುಲಭ. ಆದರೆ ಶುದ್ಧವಾಗಿ, ಸೋಸಲು ಬರುವಂತೆ ತಯಾರಿಸುವುದಕ್ಕೆ ತಾಳ್ಮೆ ಬೇಕು.

ಕ್ಯಾಲ್ಸಿಯಂ ಕ್ಲೋರೈಡ್ ಮತ್ತು ಅಮೋನಿಯಂ ಆಕ್ಸಲೇಟ್ ದ್ರಾವಣಗಳನ್ನು ತಣ್ಣಗಿರುವಾಗಲೇ ಒಮ್ಮೆಗೆ ಬೆರೆಸಿದರೆ, ಫಿಲ್ಟರ್ ಕಾಗದದ ರಂಧ್ರಗಳಲ್ಲೇ ನುಸುಳಿಹೋಗುವಷ್ಟು ನವುರಾದ ಪ್ರಕ್ಷೇಪ ಬರುತ್ತದೆ. ಆದ್ದರಿಂದ ಕ್ಯಾಲ್ಸಿಯಂ ದ್ರಾವಣವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಆಮ್ಲೀಯಗೊಳಿಸಿ, ಬಿಸಿ ಮಾಡಿ, ಆಕ್ಸಲೇಟನ್ನು ಸೇರಿಸಿದ ಮೇಲೆ, ಮೀಥೈಲ್ ರೆಡ್ ಸೂಚಕ ಹಳದಿಗೆ ತಿರುಗುವವರೆಗೆ ಸಾರರಿಕ್ತ ಅಮೋನಿಯಾವನ್ನು ಹನಿಹನಿಯಾಗಿ ಬಿಡಬೇಕು. ಆಮ್ಲದಲ್ಲಿ ಹೈಡ್ರೋಜನ್ ಆಕ್ಸಲೇಟ್ ರೂಪದಲ್ಲಿದ್ದ ಆಕ್ಸಲೇಟ್ ಹೀಗೆ ನಿಧಾನವಾಗಿ ಬಿಡುಗಡೆಯಾಗುವುದರಿಂದ ಅತಿಸಂತೃಪ್ತತೆ (ಕರಗಬಲ್ಲದ್ದಕ್ಕಿಂತ ಹೆಚ್ಚು ಲವಣ ದ್ರಾವಣದಲ್ಲಿರುವ ಸ್ಥಿತಿ) ಕಡಿಮೆಯಾಗಿ, ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ಸುಮಾರು ಒಂದು ಗಂಟೆ ಹಾಗೆಯೇ ಬಿಟ್ಟು, ಸೋಸಿ, ಮೊದಲು ತಣ್ಣನೆಯ ಸಾರರಿಕ್ತ ಅಮೋನಿಯಂ ಆಕ್ಸಲೇಟ್‌ನಿಂದಲೂ ನಂತರ ಸ್ವಲ್ಪ ನೀರಿನಿಂದಲೂ ತೊಳೆಯಬೇಕು. ಕ್ಲೋರೈಡ್ ಉಳಿದಿದೆಯೇ ಎಂದು ಸಿಲ್ವರ್ ನೈಟ್ರೇಟ್‌ನಿಂದ ಪರೀಕ್ಷಿಸುವಾಗ ನೈಟ್ರಿಕ್ ಆಮ್ಲ ಸೇರಿಸುವುದನ್ನು ಮರೆಯಬಾರದು; ಇಲ್ಲದಿದ್ದರೆ ಸಿಲ್ವರ್ ಆಕ್ಸಲೇಟ್ ಕೂಡ ಬಿಳಿಯಾಗಿಯೇ ಬಿದ್ದು, ತೊಳೆಯುವ ಕೆಲಸ ಮುಗಿಯುವುದೇ ಇಲ್ಲ.

ಒಣಗಿದ ಪುಡಿಯ ಸುಮಾರು 10 ಮಿಲಿಗ್ರಾಂ ಅನ್ನು ಅಲ್ಯೂಮಿನಾ ಮೂಸೆಯಲ್ಲಿಟ್ಟು, ನೈಟ್ರೋಜನ್ ಹರಿವಿನಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ ಕಾಯಿಸಿದರೆ ತೂಕ ಮೂರು ಸ್ಪಷ್ಟ ಹಂತಗಳಲ್ಲಿ ಇಳಿಯುತ್ತದೆ. ಸ್ಥೂಲವಾಗಿ 100ರಿಂದ 200 ಡಿಗ್ರಿ ಸೆಲ್ಸಿಯಸ್ ನಡುವೆ ಸ್ಫಟಿಕ ಜಲವೂ, 400ರಿಂದ 520ರ ನಡುವೆ ಕಾರ್ಬನ್ ಮಾನಾಕ್ಸೈಡೂ, 600ರಿಂದ 800ರ ನಡುವೆ ಕಾರ್ಬನ್ ಡೈಆಕ್ಸೈಡೂ ಹೊರಹೋಗುತ್ತವೆ. ಲೆಕ್ಕದ ಪ್ರಕಾರ ಈ ನಷ್ಟಗಳು ಕ್ರಮವಾಗಿ ಶೇ. 12.33, 19.17 ಮತ್ತು 30.12, ಕೊನೆಗೆ ಉಳಿಯುವ ಕ್ಯಾಲ್ಸಿಯಂ ಆಕ್ಸೈಡ್ ಶೇ. 38.38. ಮೊದಲ ಹಂತದ ನಷ್ಟ 12.33ನ್ನು ಮೀರಿದರೆ ಉಪಕರಣವನ್ನು ಶಂಕಿಸುವ ಮೊದಲು ಪುಡಿಯನ್ನೇ ಶಂಕಿಸುವುದು ಒಳ್ಳೆಯದು: ಮೇಲ್ಮೈ ತೇವ ಉಳಿದಿರಬಹುದು, ಇಲ್ಲವೇ ಶೇ. 21.95ರಷ್ಟು ನೀರಿರುವ ಡೈಹೈಡ್ರೇಟ್ (ಎರಡು ನೀರಿನ ಅಣುಗಳ ರೂಪ) ಸೇರಿಕೊಂಡಿರಬಹುದು.

ವಿದ್ಯಾರ್ಥಿಗಳು ಈ ತಾಪಮಾನಗಳನ್ನು ದ್ರವನಬಿಂದುವಿನಂತೆ ಬಾಯಿಪಾಠ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಶೇಕಡಾವಾರು ನಷ್ಟ ಲವಣದ ಸೂತ್ರಕ್ಕೆ ಸೇರಿದ್ದು. ತಾಪಮಾನವಾದರೋ ಕಾಯಿಸುವ ವೇಗ, ಮಾದರಿಯ ಪ್ರಮಾಣ, ಮೂಸೆಯ ಆಕಾರ, ಸುತ್ತಲಿನ ಅನಿಲ ಇವೆಲ್ಲಕ್ಕೂ ಸೇರಿದ್ದು. ನೈಟ್ರೋಜನ್‌ನಲ್ಲಿ ಅಂತರುಷ್ಣಕವಾಗಿರುವ (ಶಾಖ ಹೀರುವ) ಎರಡನೆಯ ಹಂತ ಗಾಳಿಯಲ್ಲಿ ಬಹಿರುಷ್ಣಕವಾಗಿ (ಶಾಖ ಬಿಡುವಂತೆ) ಕಾಣುತ್ತದೆ, ಏಕೆಂದರೆ ಹೊರಬಂದ ಕಾರ್ಬನ್ ಮಾನಾಕ್ಸೈಡ್ ಅಲ್ಲಿಯೇ ಉರಿಯುತ್ತದೆ. ತೂಕದ ನಷ್ಟ ಮಾತ್ರ ಎರಡರಲ್ಲೂ ಒಂದೇ ಆಗಿರುವುದರಿಂದ, ತೂಕದ ರೇಖೆಯೊಂದನ್ನೇ ನೋಡಿದವರಿಗೆ ಈ ಉರಿಯುವಿಕೆ ತಿಳಿಯುವುದಿಲ್ಲ. ಮಾದರಿ ಶಾಖ ಹೀರುವುದನ್ನೂ ಬಿಡುವುದನ್ನೂ ತೋರಿಸುವ ಡಿಟಿಎ (ಡಿಫರೆನ್ಷಿಯಲ್ ಥರ್ಮಲ್ ಅನಾಲಿಸಿಸ್) ರೇಖೆಯನ್ನೂ ಜೊತೆಗಿಟ್ಟು ಓದಬೇಕು. ಎರಡನೆಯ ಹಂತದ ನಂತರ ಉಳಿಯುವ ಕ್ಯಾಲ್ಸಿಯಂ ಕಾರ್ಬೋನೇಟ್ ಒಡೆಯುವ ಮೂರನೆಯ ಹಂತ ಹಿಮ್ಮುಖವಾಗಬಲ್ಲ ಕ್ರಿಯೆಯಾದ್ದರಿಂದ, ನೈಟ್ರೋಜನ್ ಬದಲು ಕಾರ್ಬನ್ ಡೈಆಕ್ಸೈಡನ್ನೇ ಹರಿಸಿದರೆ ಕಾರ್ಬೋನೇಟ್‌ನ ವಿಘಟನೆ 900 ಡಿಗ್ರಿಯ ಆಚೆಗೆ ಸರಿಯುತ್ತದೆ, ಆದರೆ ಮೊದಲೆರಡು ಹಂತಗಳು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ.