ಅಳಿಯ ಎಲ್ಲ ನೋಡಿಕೊಳ್ಳುತ್ತಾನೆ, ಮಗಳಿಗೆ ಯಾಕೆ ಈ ಕಾಗದಪತ್ರ?

ಮೇ ತಿಂಗಳ ಮದುವೆಗಳು ಮುಗಿದು ಮಳೆ ಹಿಡಿಯುವ ಹೊತ್ತಿಗೆ ಈ ಪ್ರಶ್ನೆ ಶುರುವಾಗುತ್ತದೆ. ಕೇಳುವವರು ಹೆಚ್ಚಾಗಿ ಹುಡುಗಿಯ ಅಪ್ಪ, ಇಲ್ಲವೇ ಅಮ್ಮ. "ಮಗಳು ಅಮೆರಿಕಕ್ಕೆ ಹೊರಟಿದ್ದಾಳೆ. ಅಲ್ಲಿ ಅವಳಿಗೆ ಕೆಲಸ ಇಲ್ಲ, ಸಂಬಳ ಇಲ್ಲ. ಟ್ಯಾಕ್ಸು, ನಂಬರು ಎಲ್ಲ ಅಳಿಯ ನೋಡಿಕೊಳ್ಳುತ್ತಾನೆ. ಅದರಲ್ಲಿ ಇವಳಿಗೆ ಎಂತ ಕೆಲಸ ಉಂಟು?"

ಉಂಟು. ಸಹಿ ಹಾಕುವ ಕೆಲಸ ಉಂಟು.

ನಾನು ಉಡುಪಿಯಲ್ಲಿ ಟ್ಯಾಕ್ಸ್ ರಿಟರ್ನ್ ಮಾಡಿಕೊಡುವವಳು. ಅಮೆರಿಕದ ರಿಟರ್ನ್ ನಾನು ಮಾಡುವುದಿಲ್ಲ. ಅಲ್ಲಿನ ಸಿಪಿಎಗಳು (ನಮ್ಮ ಸಿಎಗಳ ಹಾಗೆ) ಕೇಳುವ ಇಲ್ಲಿನ ಲೆಕ್ಕ, ಸರ್ಟಿಫಿಕೇಟ್ ಹೊಂದಿಸಿ ಕೊಡುತ್ತೇನೆ. ಹಾಗಾಗಿ ಎರಡೂ ಕಡೆಯ ರಗಳೆ ನನ್ನ ಮೇಜಿಗೆ ಬರುತ್ತದೆ. ಹೆಂಡತಿಯ ಕೆಲಸದ ವೀಸಾದ ಮೇಲೆ ಹೋಗುವ ಗಂಡಂದಿರೂ ಈಗ ಇದ್ದಾರೆ. ನಿಯಮ ಅವರಿಗೂ ಇದೇ. ಆದರೆ "ಸೊಸೆ ಎಲ್ಲ ನೋಡಿಕೊಳ್ಳುತ್ತಾಳೆ, ಮಗನಿಗೆ ಯಾಕೆ?" ಎಂದು ಕೇಳಿದ ಅಪ್ಪ ಇನ್ನೂ ನನಗೆ ಸಿಕ್ಕಿಲ್ಲ.

ಸಹಿಯ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಗಂಡ ಹೆಂಡತಿ ಸೇರಿ ಒಂದೇ ರಿಟರ್ನ್ ಸಲ್ಲಿಸಬಹುದು, ಬೇರೆ ಬೇರೆಯಾಗಿಯೂ ಸಲ್ಲಿಸಬಹುದು. ಸೇರಿ ಸಲ್ಲಿಸಿದರೆ ಲಾಭ ಜಾಸ್ತಿ. 2025ರ ಆದಾಯಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ಮೊತ್ತ, ಜೋಡಿಗೆ 31,500 ಡಾಲರ್, ಬೇರೆಯಾಗಿ ಸಲ್ಲಿಸಿದರೆ ಒಬ್ಬರಿಗೆ 15,750. ಹೆಂಡತಿಗೆ ಆದಾಯವೇ ಇಲ್ಲದಿದ್ದರೆ ಅವಳ ಪಾಲಿನ 15,750 ಕೂಡ ಗಂಡನ ಸಂಬಳದಿಂದ ಕಳೆಯುತ್ತದೆ. ಅಳಿಯ ಆಸೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಜಾಯಿಂಟ್ ರಿಟರ್ನಿಗೆ ಇಬ್ಬರೂ ಸಹಿ ಹಾಕಬೇಕು. ಹಾಕಿದ ಮೇಲೆ ಆ ವರ್ಷದ ತೆರಿಗೆ, ಬಡ್ಡಿ, ದಂಡ ಎಲ್ಲಕ್ಕೂ ಇಬ್ಬರೂ ಪೂರ್ತಿ ಹೊಣೆ. ಅರ್ಧ ಅವನದು, ಅರ್ಧ ಇವಳದು ಅಂತ ಇಲ್ಲ. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್ ಇಡೀ ಬಾಕಿಯನ್ನು ಇವಳ ಹತ್ತಿರವೇ ಕೇಳಬಹುದು. ಮುಂದೆ ಇಬ್ಬರೂ ಬೇರೆಯಾದರೂ ಆ ವರ್ಷದ ಹೊಣೆ ಬಿಡುವುದಿಲ್ಲ. ತನಗೆ ಗೊತ್ತಿಲ್ಲದೆ ನಡೆದ ತಪ್ಪಿಗೆ ವಿನಾಯಿತಿ ಕೇಳುವ ದಾರಿ ಇದೆ. ಆದರೆ ಗೊತ್ತಿರಲಿಲ್ಲ ಎಂದು ತೋರಿಸಿಕೊಡುವ ಕಷ್ಟ ಕೇಳುವವರ ತಲೆಗೇ ಬರುತ್ತದೆ.

ಅದಕ್ಕೇ ಹೇಳುವುದು, ಸಹಿ ಹಾಕುವ ಮೊದಲು ಓದಲಿ. ಎಲ್ಲ ಅರ್ಥ ಆಗಬೇಕಂತಿಲ್ಲ. ತನ್ನ ಹೆಸರು ಸರಿ ಉಂಟಾ, ತನ್ನ ಆದಾಯ ಬಂದಿದೆಯಾ, ರಿಫಂಡ್ ಯಾವ ಅಕೌಂಟಿಗೆ ಹೋಗುತ್ತದೆ, ಇಷ್ಟು ನೋಡಿದರೂ ಆಯಿತು. ಒಂದು ಪ್ರತಿ ತನ್ನ ಹತ್ತಿರವೂ ಇಟ್ಟುಕೊಳ್ಳಲಿ. "ಅಳಿಯನಿಗೆ ಬೇಸರ ಆಗ್ಲಿಕ್ಕಿಲ್ವಾ?" ಎಂದು ಅಮ್ಮಂದಿರು ಕೇಳುತ್ತಾರೆ. ಆಗಲಿಕ್ಕಿಲ್ಲ ಮಾರಾಯ್ರೆ. ಆದರೂ ಚಿಂತೆ ಇಲ್ಲ, ಎರಡು ದಿನದಲ್ಲಿ ಹೋಗುತ್ತದೆ.

ಡಿಸೆಂಬರಿನಲ್ಲಿ ಮದುವೆಯಾದವರು ಇನ್ನೂ ಸ್ವಲ್ಪ ಜಾಗ್ರತೆ ಮಾಡಬೇಕು. ಡಿಸೆಂಬರ್ 31ಕ್ಕೆ ಮದುವೆ ಆಗಿದ್ದರೆ ಅಲ್ಲಿನ ಲೆಕ್ಕದಲ್ಲಿ ಇಡೀ ವರ್ಷ ಮದುವೆಯಾದವರೇ. ಹುಡುಗಿ ಅಲ್ಲಿಗೆ ಕಾಲಿಟ್ಟಿರುವುದಿಲ್ಲ, ಆದರೂ ಅವಳನ್ನು ಆ ವರ್ಷಕ್ಕೆ ರೆಸಿಡೆಂಟ್, ಅಂದರೆ ತೆರಿಗೆಯ ಲೆಕ್ಕಕ್ಕೆ ಅಲ್ಲಿನ ನಿವಾಸಿ, ಎಂದು ಎಣಿಸಿ ಜಾಯಿಂಟ್ ರಿಟರ್ನ್ ಹಾಕಲು ಅವಕಾಶ ಇದೆ. ಇಬ್ಬರೂ ಸಹಿ ಹಾಕಿದ ಒಂದು ಹೇಳಿಕೆ ಜೊತೆಗೆ ಇಡಬೇಕು. ಅದಾದ ಮೇಲೆ ಅವಳ ಆ ವರ್ಷದ ಆದಾಯ ಎಲ್ಲವೂ, ಮಂಗಳೂರಿನ ಕಂಪನಿಯ ಸಂಬಳ, ಇಲ್ಲಿನ ಎಫ್‌ಡಿ ಬಡ್ಡಿ, ಅಮೆರಿಕದ ರಿಟರ್ನಿನಲ್ಲಿ ಬರಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಕೇಳಬಹುದು ನಿಜ. ಆದರೆ ಒಮ್ಮೆ ಹೀಗೆ ಆಯ್ದುಕೊಂಡರೆ ಮುಂದಿನ ವರ್ಷಗಳಿಗೂ ಅದು ನಡೆಯುತ್ತದೆ. ಎರಡೂ ರೀತಿಯಲ್ಲಿ ಲೆಕ್ಕ ಹಾಕಿಸಿ ನೋಡದೆ ಸಹಿ ಮಾಡಬಾರದು. ಇಲ್ಲಿ ಒಳ್ಳೆಯ ಸಂಬಳದಲ್ಲಿದ್ದ ಡಾಕ್ಟರು, ಎಂಜಿನಿಯರು ಹುಡುಗಿಯರಂತೂ ಖಂಡಿತ.

ಇನ್ನು ನಂಬರ್. ಎಲ್ಲರ ಬಾಯಲ್ಲಿ ಇರುವುದು ಎಸ್‌ಎಸ್‌ಎನ್, ಸೋಶಿಯಲ್ ಸೆಕ್ಯುರಿಟಿ ನಂಬರ್. ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾದವರ ಹೆಂಡತಿಗೆ ಸಿಗುವ ವೀಸಾದಲ್ಲಿ ಹೋದವಳಿಗೆ ಕೆಲಸದ ಅನುಮತಿ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ. 2015ರಿಂದ ಕೆಲವು ಎಚ್-4ನವರಿಗೆ ಕೆಲಸದ ಅನುಮತಿ ಸಿಗುತ್ತದೆ. ಅದಕ್ಕೆ ಗಂಡನ ಗ್ರೀನ್ ಕಾರ್ಡಿನ ಕೆಲಸ ಒಂದು ಹಂತಕ್ಕೆ ಬಂದಿರಬೇಕು, ಹೆಚ್ಚಾಗಿ ಅದಕ್ಕೆ ಕಂಪನಿ ಹಾಕುವ ಐ-140 ಅರ್ಜಿ ಒಪ್ಪಿಗೆ ಆಗಿರಬೇಕು. ಗಂಡನನ್ನು ಅವನ ಕಂಪನಿಯೇ ಅಲ್ಲಿಗೆ ವರ್ಗ ಮಾಡಿದಾಗ ಸಿಗುವ ಎಲ್-2 ವೀಸಾದಲ್ಲಿ ಹೋದ ಹೆಂಡತಿಗೆ ಈ ತೊಂದರೆ ಇಲ್ಲ, ಆ ವೀಸಾದ ಜೊತೆಯಲ್ಲೇ ಕೆಲಸದ ಅನುಮತಿ ಬರುತ್ತದೆ. ಗ್ರೀನ್ ಕಾರ್ಡಿನ ವೀಸಾದಲ್ಲೇ ಹೋಗುವವರು ಡಿಎಸ್-260 ಅರ್ಜಿ ತುಂಬುವಾಗಲೇ ಎಸ್‌ಎಸ್‌ಎನ್ ಬೇಕು ಎಂದು ಹೇಳಬಹುದು.

ಎಸ್‌ಎಸ್‌ಎನ್ ಸಿಗದವರಿಗೆ ಐಟಿಐಎನ್ ಉಂಟು. ಅದೂ ಒಂಬತ್ತು ಅಂಕಿ, 9ರಿಂದ ಶುರುವಾಗುತ್ತದೆ. ಅದು ತೆರಿಗೆಗೆ ಮಾತ್ರ. ಅದನ್ನು ತೋರಿಸಿ ಕೆಲಸ ಮಾಡುವ ಹಾಗಿಲ್ಲ, ವೀಸಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೊದಲೇ ಮಾಡಿಸಿಟ್ಟುಕೊಳ್ಳೋಣ ಎಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಡಬ್ಲ್ಯು-7 ಎಂಬ ಫಾರ್ಮನ್ನು ರಿಟರ್ನಿನ ಜೊತೆಗೇ ಇಟ್ಟು ಕಳಿಸಬೇಕು. ರಿಟರ್ನಿನಲ್ಲಿ ಹೆಂಡತಿಯ ನಂಬರಿನ ಜಾಗ ಖಾಲಿ ಬಿಡಬೇಕು. ಆನ್‌ಲೈನ್ ಇಲ್ಲ, ಕಾಗದದಲ್ಲೇ ಹೋಗಬೇಕು.

ಜೊತೆಗೆ ಪಾಸ್‌ಪೋರ್ಟ್. ಅಸಲಿ ಪಾಸ್‌ಪೋರ್ಟ್, ಇಲ್ಲವೇ ಅದನ್ನು ಕೊಟ್ಟ ಇಲಾಖೆಯೇ ದೃಢೀಕರಿಸಿದ ಪ್ರತಿ. ಇಲ್ಲಿಂದ ಹೊರಡುವಾಗ ಎಲ್ಲರೂ ನೋಟರಿ ಹತ್ತಿರ ಹೋಗಿ ಕೆಂಪು ಸೀಲು ಒತ್ತಿಸಿದ ಒಂದು ಕಟ್ಟು ಜೆರಾಕ್ಸ್ ಒಯ್ಯುತ್ತಾರೆ. ಈ ಕೆಲಸಕ್ಕೆ ಅದು ನಡೆಯುವುದಿಲ್ಲ. ಅಸಲಿಯನ್ನು ಪೋಸ್ಟಿನಲ್ಲಿ ಕಳಿಸಿದರೆ ಅದು ತಿರುಗಿ ಬರುವವರೆಗೆ ಊರಿಗೆ ಬರಲಿಕ್ಕಿಲ್ಲ. ರಿಟರ್ನಿನ ಗಡಿ ಏಪ್ರಿಲ್ 15. ಏಪ್ರಿಲ್, ಮೇ ಎಂದರೆ ನಮ್ಮಲ್ಲಿ ತಂಗಿಯ ಮದುವೆ, ಅಣ್ಣನ ಗೃಹಪ್ರವೇಶ, ಮನೆಯ ಭೂತದ ಕೋಲ ಎಲ್ಲ ಬರುವ ಕಾಲ. ಪಾಸ್‌ಪೋರ್ಟ್ ಟೆಕ್ಸಸ್‌ನ ಆಸ್ಟಿನ್‌ನಲ್ಲಿ, ಹುಡುಗಿ ನ್ಯೂಜೆರ್ಸಿಯಲ್ಲಿ, ಕೋಲ ಕಾಪುವಿನಲ್ಲಿ. ಹೀಗೆ ಸಿಕ್ಕಿಬಿದ್ದವರನ್ನು ಕಂಡಿದ್ದೇನೆ.

ತಪ್ಪಿಸಿಕೊಳ್ಳಲು ದಾರಿ ಉಂಟು. ಐಆರ್‌ಎಸ್ ಒಪ್ಪಿದ ಸರ್ಟಿಫೈಯಿಂಗ್ ಅಕ್ಸೆಪ್ಟೆನ್ಸ್ ಏಜೆಂಟ್ ಎಂಬವರು ಪಾಸ್‌ಪೋರ್ಟ್ ನೋಡಿ, ಕೈಗೆ ತಿರುಗಿ ಕೊಟ್ಟು, ತಾವು ದೃಢೀಕರಿಸಿದ ಕಾಗದ ಕಳಿಸುತ್ತಾರೆ. ಐಆರ್‌ಎಸ್‌ನ ಕೆಲವು ಆಫೀಸುಗಳಲ್ಲೂ ಅಪಾಯಿಂಟ್‌ಮೆಂಟ್ ತೆಗೆದುಕೊಂಡು ಹೋಗಿ ತೋರಿಸಬಹುದು. ನಂಬರ್ ಬರಲು ಸಾಮಾನ್ಯ ದಿನಗಳಲ್ಲಿ 7 ವಾರ, ಜನವರಿ ಮಧ್ಯದಿಂದ ಏಪ್ರಿಲ್ ಕೊನೆಯವರೆಗಿನ ರಶ್ಶಿನಲ್ಲಿ 9ರಿಂದ 11 ವಾರ ಎಂದು ಐಆರ್‌ಎಸ್ಸೇ ಹೇಳುತ್ತದೆ. ಏಪ್ರಿಲ್ 15ಕ್ಕೆ ಆಗದಿದ್ದರೆ 4868 ಫಾರ್ಮ್ ಹಾಕಿ ಅಕ್ಟೋಬರ್ 15ರವರೆಗೆ ಸಮಯ ಕೇಳಬಹುದು. ಆ ಸಮಯ ರಿಟರ್ನ್ ಕೊಡಲಿಕ್ಕೆ ಮಾತ್ರ, ಬಾಕಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಬೇಕು. ಮುಂದೆ ಎಸ್‌ಎಸ್‌ಎನ್ ಬಂದರೆ ಐಟಿಐಎನ್ ಬಳಸುವುದನ್ನು ನಿಲ್ಲಿಸಿ ಐಆರ್‌ಎಸ್‌ಗೆ ಬರೆದು ತಿಳಿಸಬೇಕು.

ಹೆಸರಿನ ಗೋಜಲು ಇದೆಲ್ಲಕ್ಕಿಂತ ದೊಡ್ಡದು. ನಮ್ಮ ಕರಾವಳಿಯಲ್ಲಂತೂ ಕೇಳುವುದೇ ಬೇಡ. ಡಿಸೋಜ, ಡಿಸಿಲ್ವ, ಡಿಕುನ್ಹ ಮನೆಗಳಲ್ಲಿ ಅಪಾಸ್ಟ್ರಫಿ ಒಂದು ಕಡೆ ಇರುತ್ತದೆ, ಇನ್ನೊಂದು ಕಡೆ ಅದರ ಬದಲು ಜಾಗ ಬಿಟ್ಟಿರುತ್ತಾರೆ, ಮತ್ತೊಂದು ಕಡೆ ಎಲ್ಲ ಸೇರಿ ಒಂದೇ ಪದ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತದಲ್ಲ, ಅಲ್ಲಿ ಅಪಾಸ್ಟ್ರಫಿಗೆ ಜಾಗವೇ ಇಲ್ಲ. ಇನ್ನು ಕೆಲವರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಇಡೀ ಹೆಸರು ಗಿವನ್ ನೇಮ್ ಜಾಗದಲ್ಲಿ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಆ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಬರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಮತ್ತೆ ಲೈಸೆನ್ಸು, ಬ್ಯಾಂಕು, ಡಾಕ್ಟರ ಚೀಟಿ ಎಲ್ಲ ಕಡೆ ಅದೇ ಅಂಟಿಕೊಳ್ಳುತ್ತದೆ. ಹೀಗಿದ್ದರೆ ವೀಸಾಕ್ಕೆ ಮೊದಲೇ ಪಾಸ್‌ಪೋರ್ಟ್ ಸರಿ ಮಾಡಿಸಿ.

ಗಂಡನ ಸರ್‌ನೇಮ್ ಹಾಕಿಸಬೇಕಾ? ಕಾನೂನು ಹಾಗೆ ಹೇಳುವುದಿಲ್ಲ. ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ. ನನ್ನನ್ನು ಕೇಳಿದರೆ ಹಾಗೇ ಬಿಡಿ ಎನ್ನುತ್ತೇನೆ. ಪ್ಯಾನು, ಆಧಾರು, ಡಿಗ್ರಿ, ಬ್ಯಾಂಕು ಎಲ್ಲ ಒಂದೇ ಹೆಸರಿನಲ್ಲಿದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ. ಹಾಕಿಸಲೇಬೇಕು ಎಂದಿದ್ದರೆ ಪಾಸ್‌ಪೋರ್ಟಿನಿಂದ ಶುರು ಮಾಡಿ, ವೀಸಾ ಅರ್ಜಿಗೆ ಮೊದಲು ಮುಗಿಸಿ. ಅರ್ಧ ಕಾಗದದಲ್ಲಿ ತೌರಿನ ಹೆಸರು, ಅರ್ಧದಲ್ಲಿ ಗಂಡನ ಹೆಸರು, ಅದೇ ತಲೆನೋವು. ಎಸ್‌ಎಸ್‌ಎನ್ ಸಿಕ್ಕಿದವರ ರಿಟರ್ನಿನಲ್ಲಿ ಹೆಸರು ಸೋಶಿಯಲ್ ಸೆಕ್ಯುರಿಟಿಯ ದಾಖಲೆಗೆ ಹೊಂದದಿದ್ದರೆ ಇ-ಫೈಲ್ ತಿರುಗಿ ಬರುತ್ತದೆ.

ಮದುವೆ ನೋಂದಣಿಯಲ್ಲೂ ಅಷ್ಟೇ. ಆಮಂತ್ರಣದಲ್ಲಿ ಹಾಕಿದ ಮುದ್ದಿನ ಹೆಸರಲ್ಲ, ಪಾಸ್‌ಪೋರ್ಟಿನ ಹೆಸರು ಬರಬೇಕು. ಕೊಂಕಣಿ ಮನೆಗಳಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಇತ್ತು, ಕೆಲವು ಕಡೆ ಈಗಲೂ ಉಂಟು. ಶಾಸ್ತ್ರ ಚಂದವೇ. ಅಕ್ಕಿಯಲ್ಲಿ ಬರೆದ ಹೆಸರು ಅಕ್ಕಿಯಲ್ಲೇ ಇರಲಿ.

ಇನ್ನು ಯಾರೂ ಕೇಳದ, ಆದರೆ ನಾನೇ ಎತ್ತುವ ವಿಷಯ ಬ್ಯಾಂಕ್. ಕೆನರಾ, ಕಾರ್ಪೊರೇಶನ್, ಕರ್ನಾಟಕ, ಸಿಂಡಿಕೇಟ್, ವಿಜಯಾ ಇಷ್ಟೂ ಹುಟ್ಟಿದ್ದು ಉಡುಪಿ, ಮಂಗಳೂರಿನಲ್ಲಿ. ನಮ್ಮ ಹುಡುಗಿಯರ ಹೆಸರಿನಲ್ಲಿ ತೊಟ್ಟಿಲಿನಿಂದಲೇ ಖಾತೆ ಇರುತ್ತದೆ. ಅಜ್ಜಿ ಇಟ್ಟ ಎಫ್‌ಡಿ, ಅಪ್ಪನ ಜೊತೆ ಜಂಟಿ ಖಾತೆ, ಕಾಲೇಜಿನಲ್ಲಿ ತೆರೆದ ಇನ್ನೊಂದು. ವಿಜಯಾ 2019ರಲ್ಲಿ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್‌ಗೆ ಸೇರಿತು. ಹಳೆಯ ಪಾಸ್‌ಬುಕ್ ಕಪಾಟಿನಲ್ಲಿ, ಖಾತೆ ಬೇರೆ ಬ್ಯಾಂಕಿನಲ್ಲಿ.

ಅಲ್ಲಿ ವಾಸ ಶುರುವಾಗಿ ದಿನಗಳ ಲೆಕ್ಕದಲ್ಲಿ ರೆಸಿಡೆಂಟ್ ಆದ ಮೇಲೆ, ಇಲ್ಲಿನ ಎಲ್ಲ ಖಾತೆ ಕೂಡಿಸಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದರೆ ಎಫ್‌ಬಾರ್ ಎಂಬ ವರದಿ ಕೊಡಬೇಕು. ಡಾಲರಿಗೆ 85 ರೂಪಾಯಿ ಹಿಡಿದರೂ ಎಂಟೂವರೆ ಲಕ್ಷ, ಅಷ್ಟೇ. ಅದರಲ್ಲಿ ತೆರಿಗೆ ಇಲ್ಲ, ತಿಳಿಸುವುದು ಮಾತ್ರ. ಆದರೆ ತಿಳಿಸದಿದ್ದರೆ ದಂಡ ಜೋರು. ಅಪ್ಪನ ಜೊತೆಗಿನ ಖಾತೆಯಲ್ಲಿ ಹಣ ಪೂರ್ತಿ ಅಪ್ಪನದೇ ಇರಬಹುದು. ಆದರೂ ಇಡೀ ಮೊತ್ತ ಅವಳ ಲೆಕ್ಕಕ್ಕೆ ಬರುತ್ತದೆ. ಇದನ್ನು ಹೇಳಿದಾಗ ಅಪ್ಪಂದಿರ ಮುಖ ನೋಡಬೇಕು. ಲಾಕರಿನ ಚಿನ್ನ ಇದರಲ್ಲಿ ಬರುವುದಿಲ್ಲ ಎಂದ ಮೇಲೆ ಅಮ್ಮಂದಿರಿಗೆ ಉಸಿರು ಬರುತ್ತದೆ.

ಬಡ್ಡಿಯ ಲೆಕ್ಕದಲ್ಲಿ ಇನ್ನೊಂದು ತೊಡಕು. ನಮ್ಮ ವರ್ಷ ಏಪ್ರಿಲಿನಿಂದ ಮಾರ್ಚ್, ಅವರದು ಜನವರಿಯಿಂದ ಡಿಸೆಂಬರ್. ಕೌಂಟರಿನಲ್ಲಿ ಬಡ್ಡಿ ಸರ್ಟಿಫಿಕೇಟ್ ಕೇಳಿದರೆ ಏಪ್ರಿಲ್-ಮಾರ್ಚಿನದೇ ಪ್ರಿಂಟ್ ಆಗಿ ಬರುತ್ತದೆ. ಜನವರಿ 1ರಿಂದ ಡಿಸೆಂಬರ್ 31 ಎಂದು ಚೀಟಿಯಲ್ಲಿ ಬರೆದೇ ಕೊಡಿ. ಇಲ್ಲಿನ ಮ್ಯೂಚುವಲ್ ಫಂಡ್ ಎಸ್‌ಐಪಿ ಇದ್ದರೆ ಹೊರಡುವ ಮೊದಲೇ ಅಲ್ಲಿನ ಸಿಪಿಎಗೆ ಹೇಳಿ. ಅದಕ್ಕೆ ಅಲ್ಲಿ ಬೇರೆಯೇ ಕಠಿಣ ನಿಯಮ, 8621 ಎಂಬ ಬೇರೆಯೇ ಫಾರ್ಮ್.

ವಿದೇಶದಲ್ಲಿ ನೆಲೆಸಿದ ಮೇಲೆ ಇಲ್ಲಿನ ಸಾದಾ ಉಳಿತಾಯ ಖಾತೆ ಹಾಗೇ ಇಟ್ಟುಕೊಳ್ಳುವಂತಿಲ್ಲ, ಅದನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆ, ಮಾಡಿಸಬೇಕು. ಟಿಡಿಎಸ್ ಬೇಡ ಎಂದು ವರ್ಷವರ್ಷ ಕೊಡುತ್ತಿದ್ದ 15ಜಿ ಫಾರ್ಮ್ ಆಮೇಲೆ ನಡೆಯುವುದಿಲ್ಲ. ಎನ್‌ಆರ್‌ಒ ಬಡ್ಡಿಗೆ ಶೇ 30 ಮತ್ತು ಮೇಲೆ ಸೆಸ್ ಕಡಿಯುತ್ತಾರೆ. ಅಮೆರಿಕದ ರೆಸಿಡೆನ್ಸಿ ಸರ್ಟಿಫಿಕೇಟ್ ತರಿಸಿ ಕೊಟ್ಟರೆ ಎರಡು ದೇಶಗಳ ಒಪ್ಪಂದದ ಪ್ರಕಾರ ಶೇ 15ಕ್ಕೆ ಇಳಿಯುತ್ತದೆ.

ಸಣ್ಣ ಪುಟ್ಟವು ಇನ್ನೂ ಇವೆ. ಆಧಾರಿಗೆ ಜೋಡಿಸಿದ ಇಲ್ಲಿನ ಸಿಮ್ಮಿಗೆ ರೀಚಾರ್ಜ್ ನಿಲ್ಲಿಸಬೇಡಿ, ಒಟಿಪಿ ಅದಕ್ಕೇ ಬರುವುದು. ಅಲ್ಲಿ ಇಳಿದ ವಾರದಲ್ಲೇ ದೇಶದೊಳಗೆ ಬಂದ ದಾಖಲೆ ಐ-94 ಇಳಿಸಿಕೊಂಡು ಹೆಸರು, ತಾರೀಕು ನೋಡಲಿ. ಮನೆ ಬದಲಾಯಿಸಿದರೆ 10 ದಿನದೊಳಗೆ ಹೊಸ ವಿಳಾಸ ತಿಳಿಸುವ ಎಆರ್-11 ಫಾರ್ಮ್ ಹಾಕಬೇಕು, ಗಂಡನದು ಹಾಕಿದರೆ ಸಾಲದು, ಅವಳದೂ ಬೇಕು. ಡ್ರೈವಿಂಗ್ ಲೈಸೆನ್ಸಿಗೆ ಎಸ್‌ಎಸ್‌ಎನ್ ಕೇಳುವ ರಾಜ್ಯಗಳಲ್ಲಿ, ಅದು ಸಿಗುವುದಿಲ್ಲ ಎಂಬ ಪತ್ರವನ್ನು ಸೋಶಿಯಲ್ ಸೆಕ್ಯುರಿಟಿ ಆಫೀಸಿನಿಂದ ತೆಗೆದುಕೊಂಡು ಹೋದರೆ ಕೆಲಸ ಆಗುತ್ತದೆ. ಖರ್ಚಿನ ಬಗ್ಗೆ ಕೇಳುವವರಿಗೆ: ಎಸ್‌ಎಸ್‌ಎನ್ ಕಾರ್ಡ್, ಡಬ್ಲ್ಯು-7, ಎಫ್‌ಬಾರ್, ಎಆರ್-11 ಯಾವುದಕ್ಕೂ ಸರಕಾರಕ್ಕೆ ಶುಲ್ಕ ಇಲ್ಲ. ಏಜೆಂಟರು, ಸಿಪಿಎಗಳು ಮಾತ್ರ ತಮ್ಮ ಫೀಸ್ ತೆಗೆದುಕೊಳ್ಳುತ್ತಾರೆ. ಒಬ್ಬೊಬ್ಬರದು ಒಂದೊಂದು ರೇಟು, ಮೊದಲೇ ಕೇಳಿಕೊಳ್ಳಿ.